ನೀರು ಮುಟ್ಟದೆ ಸಹಿ ಹಾಕದ ಕಾಂತಪ್ಪಣ್ಣ

ಕಾಂತಪ್ಪಣ್ಣ ಸಭೆಗೆ ಬಂದರೆಂದರೆ ಮೊದಲು ಸಿಟ್ಟಾಗುತ್ತಿದ್ದವಳು ನಮ್ಮ ಕಚೇರಿಯ ನೆಲ ಒರೆಸುವ ಬಾಯಿ, ಕೆಲಸದ ಹೆಂಗಸಿಗೆ ಇಲ್ಲಿ ಹಾಗೆನ್ನುತ್ತಾರೆ. ನವಿ ಮುಂಬಯಿಯ ಸರ್ಕಾರಿ ಕಟ್ಟಡವೊಂದರ ನಾಲ್ಕನೆಯ ಮಹಡಿ, ಉದ್ದದ ಮೇಜು, ಎ.ಸಿ.ಯ ತಂಪು, ಒಂಬತ್ತು ಕುರ್ಚಿ. ಎಂಟು ಕುರ್ಚಿಗಳ ಕೆಳಗೆ ಪಾಲಿಶ್ ಮಾಡಿದ ಬೂಟುಗಳು. ಒಂಬತ್ತನೆಯದರ ಕೆಳಗೆ ಎರಡು ಬರಿಗಾಲು, ಹಿಮ್ಮಡಿಯಿಂದ ಮೀನಖಂಡದವರೆಗೆ ಒಣಗಿ ಬಿರಿದ ಕರಿ ಕೆಸರು. ಕಾಂತಪ್ಪಣ್ಣ ಬರುವ ದಾರಿಯಲ್ಲಿ ಯಾವುದಾದರೊಂದು ದಡಕ್ಕೆ ಇಳಿದೇ ಬರುತ್ತಿದ್ದರು. ಕೂತಲ್ಲೇ ಅವರು ಪ್ಲಾಸ್ಟಿಕ್ ಚೀಲದಿಂದ ಕೆಂಪು ಚೌಕಳಿಯ ಒಂದು ಬೈರಾಸು ತೆಗೆದು ಕಾಲು ಒರೆಸಿಕೊಳ್ಳುತ್ತಿದ್ದರು. ಟವೆಲಿಗೆ ಬೈರಾಸು ಎನ್ನುತ್ತಾರೆಂದು ಮೈಸೂರಿನವಳಾದ ನನಗೆ ತಿಳಿದದ್ದೇ ಅವರಿಂದ. ಒರೆಸಿದ ಕೆಸರು ಹುಡಿಯಾಗಿ ಬಿಳಿ ಟೈಲ್ಸಿನ ಮೇಲೆ ಉದುರುತ್ತಿತ್ತು, ಬಾಗಿಲಲ್ಲಿ ನಿಂತ ಬಾಯಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಸಭೆ ಮುಗಿದ ಮೇಲೆ ಅವಳ ಕೈಯಿಂದ ಪೊರಕೆ ಇಸಕೊಂಡು ತಾವೇ ಗುಡಿಸಿ ಹೋದದ್ದೂ ಉಂಟು.

ನಮ್ಮದು ರಾಜ್ಯ ಮಟ್ಟದ ಒಂದು ಸಲಹಾ ಮಂಡಳಿ. ನದಿ, ಕೆರೆ, ಸಮುದ್ರದ ನೀರು ಒಳನಾಡಿಗೆ ಚಾಚಿದ ಖಾಡಿ, ಇವುಗಳ ದಡಕ್ಕೆ ಜನ ಹೋಗುವ ದಾರಿಗಳು ತೆರೆದಿವೆಯೋ ಇಲ್ಲವೋ, ಯಾರಾದರೂ ಗೇಟು ಹಾಕಿ ಬೀಗ ಜಡಿದಿದ್ದಾರೋ, ಹಳೆಯ ಘಾಟಿನ ಮೆಟ್ಟಿಲು ಯಾರದೋ ಕಂಪೌಂಡಿನೊಳಗೆ ಸೇರಿಹೋಗಿದೆಯೋ, ಇದನ್ನೆಲ್ಲ ನೋಡಿ ಸರ್ಕಾರಕ್ಕೆ ಶಿಫಾರಸು ಮಾಡುವುದು ಅದರ ಕೆಲಸ. ಗೇಟು ಒಡೆಸುವ ಅಧಿಕಾರ ನಮಗಿರಲಿಲ್ಲ, ಒಡೆಸಿದರೆ ಒಳ್ಳೆಯದು ಎಂದು ಬರೆಯುವ ಅಧಿಕಾರವಿತ್ತು. ಮೂರು ತಿಂಗಳಿಗೊಮ್ಮೆ ಸಭೆ, ನಡುನಡುವೆ ಸ್ಥಳ ಪರಿಶೀಲನೆ. ಸದಸ್ಯರಲ್ಲಿ ನಿವೃತ್ತ ಅಧಿಕಾರಿಗಳು, ಇಂಜಿನಿಯರುಗಳು, ಒಬ್ಬರು ವಕೀಲರು. ಕಾಂತಪ್ಪ ಮೆಂಡನ್ ಮಾತ್ರ ‘ನಾಗರಿಕ ಪ್ರತಿನಿಧಿ’. ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಮೀನೂಟದ ಸಣ್ಣ ಹೋಟೆಲು, ಗಲ್ಲಾದಲ್ಲಿ ಈಗ ಮಗ. ಉಡುಪಿ ಕಡೆಯ ಕಡಲ ದಂಡೆಯಲ್ಲಿ ಹುಟ್ಟಿ, ಪ್ರಾಯದಲ್ಲಿ ಈ ಊರಿಗೆ ಬಂದು, ನಲವತ್ತು ವರ್ಷ ಒಲೆಯ ಮುಂದೆ ಬೆವರಿದ ಮನುಷ್ಯ.

ನಾನು ಅಲ್ಲಿ ಸಭೆಯ ನಡವಳಿ ಬರೆಯುವವಳು. ಕಾಂಟ್ರಾಕ್ಟ್ ಕೆಲಸ. ಮೈಸೂರಿನಲ್ಲಿ ಕಲಿತ ಇಂಗ್ಲಿಷ್ ಶಾರ್ಟ್‌ಹ್ಯಾಂಡು ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದ ಮೇಲೂ ಕೈಬಿಟ್ಟಿರಲಿಲ್ಲ. ಠಾಣೆಯಿಂದ ವಾಶಿ ಕಡೆಗೆ ಹೊಸ ರೈಲು ಓಡತೊಡಗಿ ಒಂದೆರಡು ವರ್ಷವಾಗಿತ್ತೇನೋ, ಅದರಲ್ಲಿ ಕೂತು ಕೆಲಸಕ್ಕೆ ಹೋಗುವುದೇ ನನಗೊಂದು ಜಂಬ. ನನ್ನ ಸೀರೆಯ ನೆರಿಗೆ ಕದಲುತ್ತಿರಲಿಲ್ಲ, ನನ್ನ ನಡವಳಿಯಲ್ಲಿ ಒಂದು ಕಾಮಾ ಅಲುಗುತ್ತಿರಲಿಲ್ಲ. ಯಾರು ಎಷ್ಟೇ ಕೂಗಾಡಲಿ, ಅದು ನನ್ನ ಕೈಯಲ್ಲಿ ‘ವಿಷಯವನ್ನು ವಿವರವಾಗಿ ಚರ್ಚಿಸಲಾಯಿತು’ ಎಂದಾಗಿ ತಣ್ಣಗೆ ಮಲಗುತ್ತಿತ್ತು. ಇಷ್ಟೆಲ್ಲ ಬರೆದರೂ ನನ್ನ ಹೆಸರು ಎಲ್ಲೂ ಇರುತ್ತಿರಲಿಲ್ಲ. ಹಾಜರಿದ್ದವರ ಪಟ್ಟಿಯಲ್ಲಿ ಬರೆಯುವವಳು ಸೇರುವುದಿಲ್ಲ.

ಮೊದಲ ದಿನ ನಾನು ಅವರನ್ನು ಸರ್ ಎಂದೆ. ನನ್ನ ಇಂಗ್ಲಿಷಿನ ಹಿಂದಿದ್ದ ಕನ್ನಡವನ್ನು ಅವರು ಅದು ಹೇಗೆ ಹಿಡಿದರೋ, “ನೀವು ಕನ್ನಡದವರಲ್ವಾ?” ಎಂದರು. ಹೌದು, ಮೈಸೂರು ಎಂದೆ. “ಹಾಗಾದ್ರೆ ಸರ್ ಎಂತಕ್ಕೆ? ಕಾಂತಪ್ಪಣ್ಣ ಅನ್ನಿ, ಸಾಕು. ಸರ್ ಅಂದ್ರೆ ನಾನು ಹಿಂದೆ ತಿರುಗಿ ನೋಡ್ತೇನೆ, ಯಾರು ಬಂದದ್ದು ಅಂತ.” ಅಂದಿನಿಂದ ನಾನು ಅವರ ಬಾಯಲ್ಲಿ ‘ಮೈಸೂರಮ್ಮ’ ಆದೆ. ಮಂಡಳಿಯ ದೊಡ್ಡ ದೊಡ್ಡವರ ನಡುವೆ ನಮ್ಮಿಬ್ಬರ ಕನ್ನಡ ಪಿಸುಪಿಸು ನಡೆಯುತ್ತಿತ್ತು. ಅವರದ್ದು ‘ಉಂಟು’, ನನ್ನದು ‘ಇದೆ’. ನಮ್ಮ ಮನೆಯಲ್ಲಿ ಮೀನು ತರುವುದಿಲ್ಲ ಎಂದು ತಿಳಿದಾಗ ಅವರು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು.

ಈ ಹೋಟೆಲಿನವರು ಸರ್ಕಾರದ ಮಂಡಳಿಗೆ ಬಂದದ್ದು ಒಂದು ಗೇಟಿನಿಂದ. ಹೋಟೆಲಿಗೆ ಭಾನುವಾರ ಮಧ್ಯಾಹ್ನದ ಮೇಲೆ ರಜೆ. ಆ ಹೊತ್ತಿಗೆ ಭರತ ಇದ್ದರೆ, ಅಂದರೆ ಖಾಡಿಯಲ್ಲಿ ನೀರು ಏರುತ್ತಿದ್ದರೆ, ಅವರು ಡೊಂಬಿವಲಿಯ ಖಾಡಿ ದಡಕ್ಕೆ ಹೋಗಿ ಗಾಳ ಹಾಕಿ ಕೂರುತ್ತಿದ್ದರು. ಒಂದು ಭಾನುವಾರ ನೋಡಿದರೆ ದಾರಿಯ ಬಾಯಿಗೆ ಹೊಸ ಹೌಸಿಂಗ್ ಸೊಸೈಟಿಯ ಗೇಟು, ಗೇಟಿಗೆ ಬೀಗ. ಕಾಂತಪ್ಪಣ್ಣ ಜಗಳ ಮಾಡಲಿಲ್ಲ. ಗೇಟಿನ ಎದುರೇ ಸ್ಟೂಲು ಹಾಕಿ, ಡಾಂಬರು ರಸ್ತೆಯ ಮೇಲೆ ಗಾಳ ಇಳಿಬಿಟ್ಟು ಕೂತರು. ಹೋಗುವವರು ಬರುವವರು ನಿಂತು ಕೇಳಿದರೆ, “ನೀರಿಗೆ ಬಿಡುದಿಲ್ಲ ಅಂತೆ. ಇಲ್ಲಿಯೇ ಸಿಗ್ತದಾ ನೋಡುವ ಅಂತ” ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದರು. ನಾಲ್ಕು ಭಾನುವಾರ ಕೂತರಂತೆ. ಐದನೆಯ ಭಾನುವಾರ ಸೊಸೈಟಿಯವರಿಗೆ ನಾಚಿಕೆ ತಡೆಯದೆ ಬೀಗ ತೆಗೆದರು. ಸುದ್ದಿ ಹೇಗೋ ಮೇಲಿನವರ ಕಿವಿಗೂ ಬಿತ್ತು. ಮಂಡಳಿ ರಚನೆಯಾದಾಗ ನಾಗರಿಕ ಪ್ರತಿನಿಧಿಯ ಕುರ್ಚಿ ಖಾಲಿ ಇತ್ತು, ಇವರನ್ನು ಕರೆದರು.

ಪರಿಶೀಲನೆ ಎಂದರೆ ಉಳಿದ ಸದಸ್ಯರಿಗೆ ಗೇಟಿನವರೆಗೆ ಕಾರಿನಲ್ಲಿ ಹೋಗಿ, ನಕ್ಷೆ ಬಿಡಿಸಿ, ಅಲ್ಲಿಯವರು ತಂದ ಚಹಾ ಕುಡಿದು, ಕಾರಿನ ಬಾನೆಟ್ಟಿನ ಮೇಲೆ ವರದಿಗೆ ಸಹಿ ಹಾಕುವುದು. ತಪ್ಪೆಂದು ನಾನು ಹೇಳುವುದಿಲ್ಲ, ಬಿಸಿಲು ಹಾಗಿರುತ್ತಿತ್ತು. ಕಾಂತಪ್ಪಣ್ಣ ಚಹಾ ಕುಡಿಯುವ ಮೊದಲು ಚಪ್ಪಲಿ ಕಳಚಿ ಚೀಲಕ್ಕೆ ಹಾಕಿಕೊಂಡು ದಾರಿ ಹಿಡಿದು ಹೊರಟುಬಿಡುತ್ತಿದ್ದರು. ಕೊನೆ ಮುಟ್ಟಿ, ಬಗ್ಗಿ, ಅಂಗೈ ನೀರಿಗೆ ಅದ್ದಿ, ಅದೇ ಒದ್ದೆ ಕೈಯಲ್ಲಿ ಹಿಂದಿರುಗಿ ಸಹಿ ಹಾಕುತ್ತಿದ್ದರು. ನಮ್ಮ ಕಚೇರಿಯ ಎಷ್ಟೋ ಕಡತಗಳಲ್ಲಿ ಅವರ ಸಹಿ ಮಾತ್ರ ಕಲೆಸಿಕೊಂಡಿದೆ. ಬೇರೆ ಸದಸ್ಯರು ‘ನೋಡಿ ಬಂದೆವು’ ಎಂದರೆ ಅವರದ್ದೊಂದೇ ಪ್ರಶ್ನೆ, “ನೀರು ಮುಟ್ಟಿದ್ದಾ?” ಮುಟ್ಟಿಲ್ಲ ಎಂದರೆ ಮುಖ ಸಪ್ಪಗೆ ಮಾಡಿಕೊಂಡು, “ಹಾಗಾದ್ರೆ ದಾರಿ ಉಂಟು ಅಂತ ಹೇಗೆ ಹೇಳುದು?” ಎನ್ನುತ್ತಿದ್ದರು. ಸದಸ್ಯರು ಒಳಗೊಳಗೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವರು ನನಗೆ ಭರತದ ಲೆಕ್ಕ ಕಲಿಸಿದರು. ಅಂಗಿಯ ಜೇಬಿನಲ್ಲಿ ಸಣ್ಣದೊಂದು ಪಂಚಾಂಗ ಇರುತ್ತಿತ್ತು. “ಪಾಡ್ಯದಿಂದ ತಿಥಿ ಎಷ್ಟನೆಯದ್ದು ನೋಡಿ. ಅದರ ಮುಕ್ಕಾಲು ಪಾಲು ಮಾಡಿ. ಅಷ್ಟು ಗಂಟೆಗೆ ನೀರು ತುಂಬಿ ನಿಲ್ತದೆ. ಅಲ್ಲಿಂದ ಆರು ಗಂಟೆಗೆ ಪೂರ್ತಿ ಇಳಿತ. ಅಮಾವಾಸ್ಯೆ ಹುಣ್ಣಿಮೆಗೆ ಹೆಚ್ಚುಕಡಿಮೆ ಮಧ್ಯಾಹ್ನ ಹನ್ನೆರಡು. ಗಡಿಯಾರ ನಿಂತ್ರೂ ಚಂದ್ರ ನಿಲ್ಲುದಿಲ್ಲ ಮಾರಾಯ್ರೆ.” ನಾನು ಏಕಾದಶಿಯನ್ನು ಉಪವಾಸಕ್ಕೆ ಮಾತ್ರ ಬಲ್ಲವಳು. ಅದರಿಂದ ಎಂಟೂಕಾಲು ಗಂಟೆ ಹೊರಡುತ್ತದೆಂದು ತಿಳಿದು ಬಾಯಿ ತೆರೆದೆ.

ಈ ಲೆಕ್ಕವೇ ಅವರನ್ನು ಬೀಳಿಸಿತು.

ಘಣಸೋಲಿಯಲ್ಲಿ ಹಳೆಯ ಊರಿಗೂ ಖಾಡಿಗೂ ನಡುವೆ ದೊಡ್ಡದೊಂದು ವಸತಿ ಸಂಕೀರ್ಣ ಎದ್ದಿತ್ತು. ಊರಿನ ಕೋಳಿಯರು, ಅಂದರೆ ಅಲ್ಲಿಯ ಮೀನುಗಾರರು, ತಲೆತಲಾಂತರದಿಂದ ಖಾಡಿಗೆ ಇಳಿಯುತ್ತಿದ್ದ ದಾರಿ ಅದರೊಳಗೆ ಸಿಕ್ಕಿಕೊಂಡಿತ್ತು. ಸಂಕೀರ್ಣದವರು ಅದಕ್ಕೆ ಬದಲಾಗಿ ಪಕ್ಕದಲ್ಲಿ ಹೊಸ ದಾರಿ ಮಾಡಿಕೊಟ್ಟಿದ್ದರು. ಅದು ಸರಿಯಿದೆಯೇ ಎಂದು ನೋಡಿ ವರದಿ ಕೊಡಬೇಕಿತ್ತು. ಪರಿಶೀಲನೆಗೆ ನಾನು ಸಂಜೆ ನಾಲ್ಕು ಗಂಟೆ ಗೊತ್ತುಮಾಡಿದ್ದೆ, ಬಿಸಿಲು ಇಳಿದಿರುತ್ತದೆ ಎಂಬ ಒಂದೇ ಕಾರಣಕ್ಕೆ. ಕಾಂತಪ್ಪಣ್ಣ ಪಂಚಾಂಗ ತೆಗೆದು ನೋಡಿ ಫೋನು ಮಾಡಿದರು. “ಆ ದಿನ ಅಮಾವಾಸ್ಯೆ ಮೈಸೂರಮ್ಮ. ಹನ್ನೆರಡಕ್ಕೆ ಇಡಿ. ನೀರು ತುಂಬಿರ್ತದೆ. ನೀರು ನೋಡ್ಲಿಕ್ಕೆ ಹೋಗುವಾಗ ನೀರು ಇರುವಾಗ ಹೋಗ್ಬೇಕಲ್ವಾ?” ನಾನು ಸಮಯ ಬದಲಿಸಿದೆ.

ಹನ್ನೆರಡಕ್ಕೆ ಹೋದೆವು. ಚೊಕ್ಕಟವಾದ ಕಲ್ಲುಹಾಸು, ಎರಡು ಕಡೆ ಕಂಬಿ, ದೀಪ, ಕೂರಲು ಬೆಂಚು, ಕೊನೆಯಲ್ಲಿ ಅಗಲವಾದ ಎಂಟು ಮೆಟ್ಟಿಲು. ಆರನೆಯ ಮೆಟ್ಟಿಲಿಗೆ ಖಾಡಿಯ ನೀರು ಬಂದು ಚಪ್ಪಾಳೆ ಹೊಡೆಯುತ್ತಿತ್ತು. ಕಾಂತಪ್ಪಣ್ಣ ಐದು ಮೆಟ್ಟಿಲು ಇಳಿದು ಎರಡೂ ಕೈ ಅದ್ದಿದರು. “ಇಷ್ಟು ಚಂದದ ದಾರಿ ಇದುವರೆಗೆ ನೋಡ್ಲೇ ಇಲ್ಲ” ಎಂದು ಸಂಭ್ರಮದಿಂದ ಹಿಂದೆ ಬಂದು, ‘ನೀರಿನವರೆಗೆ ಪ್ರವೇಶವಿದೆ, ತೃಪ್ತಿಕರ’ ಎಂಬ ಸಾಲಿನ ಕೆಳಗೆ ಸಹಿ ಒತ್ತಿದರು. ಅಂದು ನನ್ನ ಚಪ್ಪಲಿಗೆ ಒಂದು ಹನಿ ಕೆಸರೂ ಹತ್ತಲಿಲ್ಲವೆಂದು ನನಗೂ ಖುಷಿ. ಮುಂದಿನ ಸಭೆ ವರದಿಯನ್ನು ಒಪ್ಪಿತು, ಕಡತ ಮುಚ್ಚಿತು.

ಆರೇಳು ತಿಂಗಳು ಕಳೆದಿರಬೇಕು. ಸಭೆಯ ದಿನ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಕಾದಿದ್ದಳು. ಐವತ್ತರ ಆಸುಪಾಸು, ಕಚ್ಚೆ ಹಾಕಿ ಉಟ್ಟ ಸೀರೆ, ಕೈಯಲ್ಲೊಂದು ಬುಟ್ಟಿ. ಹೆಸರು ಯಮುನಾಬಾಯಿ, ಘಣಸೋಲಿಯ ಹಳೆ ಊರಿನವಳು. ವರದಿಯ ಜೆರಾಕ್ಸ್ ಪ್ರತಿಯನ್ನು ನಾಲ್ಕಾಗಿ ಮಡಚಿ ತಂದಿದ್ದಳು. ಕಾಂತಪ್ಪಣ್ಣನ ಮುಂದೆ ಅದನ್ನು ಬಿಡಿಸಿ ಬೆರಳಿಟ್ಟು ಕೇಳಿದಳು, “ಹೀ ಸಹಿ ತುಮಚೀಚ್ ನಾ?” ಈ ಸಹಿ ನಿಮ್ಮದೇ ತಾನೆ ಎಂದು.

“ಹೋ, ಮಾಝೀಚ್,” ನನ್ನದೇ ಎಂದರು ಇವರು, ಹೆಮ್ಮೆಯಿಂದಲೇ.

“ಭರತೀಲಾ ಖಾಡೀ ಸಗಳ್ಯಾಂಚೀ ಅಣ್ಣಾ. ಓಹೋಟೀಲಾ ಆಮಚೀ. ಓಹೋಟೀಲಾ ಯಾ, ಬಘಾ.” ನೀರು ತುಂಬಿದಾಗ ಖಾಡಿ ಎಲ್ಲರದ್ದು, ಇಳಿದಾಗ ನಮ್ಮದು, ಇಳಿದಾಗ ಬಂದು ನೋಡಿ ಎಂದಳು. ಬೈಯಲಿಲ್ಲ, ಅಳಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದಳು.

ಹುಣ್ಣಿಮೆಯ ಸಂಜೆ ಐದೂವರೆಗೆ ಹೋದೆವು, ಅವರು ಮತ್ತು ನಾನು. ಅದೇ ಕಲ್ಲುಹಾಸು, ಅದೇ ಕಂಬಿ. ಕೊನೆಯ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿದರೆ ಆಳೆತ್ತರದ ಗೋಡೆ, ಗೋಡೆಯ ಬುಡದಿಂದ ಆಚೆಗೆ ಕರಿ ಕೆಸರಿನ ಬಯಲು, ಬಯಲಿನ ಅಂಚಿನಲ್ಲಿ ಎಲ್ಲೋ ಬೆಳ್ಳಗೆ ನೀರು. ಇಳಿತದ ಹೊತ್ತಿನಲ್ಲೇ ಊರಿನ ಮೀನುಗಾರ ಹೆಂಗಸರ ಕೆಲಸ. ಕೆಸರಿನಲ್ಲಿ ಏಡಿ ಹಿಡಿಯುವುದು, ಚಿಪ್ಪು ಹೆಕ್ಕುವುದು. ಅದಕ್ಕಾಗಿ ಅವರ ಹಿರಿಯರು ಕೆಸರಿನೊಳಕ್ಕೆ ಚಪ್ಪಟೆ ಕಲ್ಲುಗಳನ್ನು ಸಾಲಾಗಿ ಹೂತು ದಾರಿ ಮಾಡಿದ್ದರು. ಆ ಕಲ್ಲುಸಾಲು ಈಗ ಸಂಕೀರ್ಣದ ಕಂಪೌಂಡಿನ ಆಚೆ ಬದಿಯಿಂದ ಹೊರಟು ನಮ್ಮ ಕಣ್ಣೆದುರೇ ಅನಾಥವಾಗಿ ಹೋಗುತ್ತಿತ್ತು. ಅದಕ್ಕೂ ಊರಿಗೂ ನಡುವೆ ಗೋಡೆ. ಹೆಂಗಸರು ಹೊಸ ಮೆಟ್ಟಿಲಿಗೆ ಒಂದು ಮರದ ಏಣಿ ಆನಿಸಿಟ್ಟುಕೊಂಡು ಇಳಿಯುತ್ತಿದ್ದರು. ಅಂದ ಕೆಡುತ್ತದೆಂದು ವಾಚ್‌ಮನ್ ಆಗಾಗ ಅದನ್ನು ಎಳೆದುಹಾಕುತ್ತಿದ್ದ. ಹಾಗೆ ಏಣಿ ಇಲ್ಲದ ಒಂದು ದಿನ ಯಮುನಾಬಾಯಿಯ ನಾದಿನಿ ಮೆಟ್ಟಿಲಿಂದ ಧುಮುಕಿ ಪಾದದ ಗಂಟು ಮುರಿದುಕೊಂಡಿದ್ದಳು.

ಕಾಂತಪ್ಪಣ್ಣ ಬೆಂಚಿನ ಮೇಲೆ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ನಮ್ಮ ಊರಲ್ಲಿ ಇಳಿತ ಅಂದ್ರೆ ಎಂತ ಗೊತ್ತುಂಟಾ? ಎರಡು ಮೆಟ್ಟಿಲು. ಹೆಚ್ಚು ಅಂದ್ರೆ ಮೂರು. ನೀರು ಹೋದ್ರೂ ಕೆಳಗೆ ಮರಳು ಉಂಟು, ಮಕ್ಕಳೂ ನಡ್ಕೊಂಡು ಹೋಗ್ತಾರೆ. ನಾನು ಅದೇ ತಲೆಯಲ್ಲಿ ಇಟ್ಕೊಂಡಿದ್ದೆ. ನಲವತ್ತು ವರ್ಷ ಆಯ್ತು ಇಲ್ಲಿಯ ಅನ್ನ ತಿಂದು. ಡೊಂಬಿವಲಿಗೆ ಗಾಳ ಹಾಕ್ಲಿಕ್ಕೆ ಹೋದದ್ದೂ ಭರತ ನೋಡಿಯೇ. ಇಲ್ಲಿಯ ಇಳಿತವನ್ನು ನಾನು ಒಮ್ಮೆಯೂ ಕಣ್ಣು ಬಿಟ್ಟು ನೋಡ್ಲಿಲ್ಲ.”

“ನಾನು ಇಟ್ಟಿದ್ದ ನಾಲ್ಕು ಗಂಟೇನೇ ಸರಿಯಿತ್ತು ಅನ್ಸತ್ತೆ ಕಾಂತಪ್ಪಣ್ಣ,” ಎಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವರು ನಕ್ಕರು. “ಹೌದು. ಎಂತದೂ ಗೊತ್ತಿಲ್ಲದವರು ಸರಿ ಮಾಡಿದ್ರು. ಎಲ್ಲ ಗೊತ್ತುಂಟು ಅಂತ ಇದ್ದವ ಹಾಳು ಮಾಡಿದ.”

ಆಮೇಲಿನ ಒಂದು ವರ್ಷ ಕಾಂತಪ್ಪಣ್ಣ ಇಡೀ ಮಂಡಳಿಯ ತಲೆ ತಿಂದರು. ಒಮ್ಮೆ ಒಪ್ಪಿದ ವರದಿಯನ್ನು ಹಿಂದಕ್ಕೆ ಪಡೆಯುವ ಕ್ರಮವೇ ನಮ್ಮಲ್ಲಿರಲಿಲ್ಲ. ಮರುಪರಿಶೀಲನೆ ಬೇಕಾದರೆ ಸಭೆ ನಿರ್ಣಯಿಸಬೇಕು, ನಿರ್ಣಯಕ್ಕೆ ಕಾರಣ ಬೇಕು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಸಜ್ಜನರು, ಎಲ್ಲದರಲ್ಲೂ ಮಂಡಳಿಯ ಮರ್ಯಾದೆ ನೋಡುವವರು. “ಮೆಂಡನ್‌ಜೀ, ಮಂಡಳಿ ತನ್ನ ಮಾತಿನಲ್ಲೇ ನಿಲ್ಲುವುದಿಲ್ಲ ಅಂತ ಸರ್ಕಾರ ನಗುತ್ತದೆ,” ಎಂದು ಹಿಂದಿಯಲ್ಲಿ ಮೆಲ್ಲಗೆ ತಿಳಿಹೇಳಿದರು.

ಕಾಂತಪ್ಪಣ್ಣ ಎದ್ದು ನಿಂತರು. “ಸಾಹೇಬ್, ಗಲತಿ ಮಂಡಳೀ ಕಾ ನಹೀ ಹೈ. ಮೇರಾ ಹೈ. ಮೇರಾ ನಾಮ್ ಲಿಖೋ.” ತಪ್ಪು ಮಂಡಳಿಯದ್ದಲ್ಲ, ನನ್ನದು, ನನ್ನ ಹೆಸರು ಬರೆಯಿರಿ ಎಂದು ನನ್ನ ಪುಸ್ತಕದ ಕಡೆ ಬೆರಳು ತೋರಿಸಿದರು.

ನಾನು ರೂಢಿಯಂತೆ ‘ಸದಸ್ಯರೊಬ್ಬರು ಕೆಲವು ಸಂದೇಹಗಳನ್ನು ವ್ಯಕ್ತಪಡಿಸಿದರು’ ಎಂದು ಬರೆದೆ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿಯನ್ನು ಓದಿ ದೃಢಪಡಿಸುವ ಕ್ರಮ. ಕಾಂತಪ್ಪಣ್ಣ ಕೈ ಎತ್ತಿದರು. ಒಪ್ಪುವುದಿಲ್ಲ. ಚಹಾದ ಹೊತ್ತಿಗೆ ನನ್ನ ಮೇಜಿಗೆ ಬಂದು, “ಮೈಸೂರಮ್ಮ, ನಾನು ಸಂದೇಹ ಎಲ್ಲಿ ಹೇಳಿದ್ದು? ತಪ್ಪು ಮಾಡಿದೆ ಅಂತ ಹೇಳಿದ್ದು. ನೀವು ಅದಕ್ಕೆ ಇಸ್ತ್ರಿ ಹಾಕಿ ಇಟ್ಟಿದ್ದೀರಿ” ಎಂದರು.

“ನಡವಳೀಲಿ ಹಾಗೆಲ್ಲ ಬರೆಯೋ ಹಾಗಿಲ್ಲ ಕಾಂತಪ್ಪಣ್ಣ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಕಡತದಲ್ಲಿ ನಿಮ್ಮ ಹೆಸರು ಕೆಡುತ್ತೆ.”

“ಆ ನಾದಿನಿಯ ಕಾಲು ಕೆಟ್ಟದ್ದು ನನ್ನ ಸಹಿಯಿಂದ. ಹೆಸರು ಕೆಟ್ರೆ ಎಂತ, ಅದರಲ್ಲಿ ನಡೀಲಿಕ್ಕುಂಟಾ ನನಗೆ?”

ನನಗೆ ನಿಜವಾಗಿಯೂ ಸಿಟ್ಟು ಬಂತು. ನನ್ನ ಇಷ್ಟು ವರ್ಷದ ಕೆಲಸಕ್ಕೇ ಅವರು ಕೆಸರು ಎರಚಿದಂತಾಗಿತ್ತು. ಮನೆಗೆ ಹೋಗಿ ಗಂಡನ ಹತ್ತಿರ, “ಆ ಮನುಷ್ಯನಿಗೆ ಹುಚ್ಚು” ಎಂದೆ. ಕಾಂತಪ್ಪಣ್ಣ ಎರಡನೆಯ ಸಭೆಯಲ್ಲೂ ಒಪ್ಪಲಿಲ್ಲ, ಮೂರನೆಯದರಲ್ಲೂ ಒಪ್ಪಲಿಲ್ಲ. ಕೊನೆಗೆ ಅಧ್ಯಕ್ಷರೇ ಸೋತು, “ಅವರು ಹೇಳಿದ ಹಾಗೆ ಬರೆದುಬಿಡಿ” ಎಂದು ನನಗೆ ಹೇಳಿದರು. ಬರೆದೆ. ‘ಪರಿಶೀಲನೆಯನ್ನು ಭರತದ ಹೊತ್ತಿಗೆ ಇರಿಸಿದ್ದು ತನ್ನ ತಪ್ಪೆಂದೂ, ಅದರಿಂದ ಊರಿನ ಹೆಂಗಸರಿಗೆ ದಾರಿ ಇಲ್ಲದಾಯಿತೆಂದೂ ಶ್ರೀ ಕಾಂತಪ್ಪ ಮೆಂಡನ್ ತಿಳಿಸಿದರು.’ ನಾನು ಬರೆದ ಅಷ್ಟೂ ನಡವಳಿಗಳಲ್ಲಿ ಒಬ್ಬ ಮನುಷ್ಯ ಕಾಣಿಸುವ ಸಾಲು ಅದೊಂದೇ. ಅದರ ಬಲದ ಮೇಲೆಯೇ ಮರುಪರಿಶೀಲನೆಗೆ ಒಪ್ಪಿಗೆಯಾಯಿತು.

ಅದರ ಜೊತೆಗೆ ಅವರು ಪರಿಶೀಲನೆಯ ಫಾರಮ್ಮಿಗೆ ಎರಡು ಕಲಮು ಸೇರಿಸಲು ಕೇಳಿಕೊಂಡರು. ಒಂದು, ನೋಡಿದ್ದು ಭರತದಲ್ಲೋ ಇಳಿತದಲ್ಲೋ. ಎರಡು, ನೀರಿನವರೆಗೆ ಹೋಗಿ ಬಂದವರ ಹೆಸರು ಮತ್ತು ಸಹಿ. ಇದರಿಂದ ಯಾರಿಗೇನು ನಷ್ಟ ಎಂದು ಸಭೆ ಒಪ್ಪಿತು. ಅಷ್ಟರಲ್ಲಿ ಕಾಂತಪ್ಪಣ್ಣನ ಅವಧಿಯೂ ಮುಗಿಯಿತು. ಅವರ ಕುರ್ಚಿಗೆ ಹೊಸಬರೊಬ್ಬರು ಬಂದರು. ನೆಲ ಒರೆಸುವ ಬಾಯಿ ನೆಮ್ಮದಿಯಾದಳು ಎಂದುಕೊಂಡಿದ್ದೆ. ಒಂದು ದಿನ ಅವಳೇ ಆ ಕುರ್ಚಿಯ ಕೆಳಗೆ ನೋಡಿ, ಅಣ್ಣ ಇನ್ನು ಬರುವುದಿಲ್ಲವೇ ಎಂದು ಕೇಳಿದಳು.

ಮರುಪರಿಶೀಲನೆಯ ದಿನವನ್ನು ಗೊತ್ತುಮಾಡಿದ್ದು ನಾನು. ಪಂಚಾಂಗ ನೋಡಿ ಅಮಾವಾಸ್ಯೆ, ಸಂಜೆ ಐದೂವರೆ. ಕಾಂತಪ್ಪಣ್ಣನಿಗೆ ಫೋನು ಮಾಡಿದೆ. ಬರುವ ಹಕ್ಕು ಈಗ ತನಗೆಲ್ಲಿ ಎಂದರು. “ಸಾರ್ವಜನಿಕರು ಬರಬಹುದು ಅಂತ ನೋಟೀಸಲ್ಲೇ ಇದೆ” ಎಂದೆ.

ಅವರು ರೈಲಿನಲ್ಲಿ ಬಂದರು, ಠಾಕುರ್ಲಿಯಿಂದ ಠಾಣೆ, ಅಲ್ಲಿ ಬದಲಿಸಿ ಘಣಸೋಲಿ. ಕೋಲು ಊರಿಕೊಂಡಿದ್ದರು. ಮಂಡಿಗಳು ಸೋತಿದ್ದವು, ಮೈ ಅರ್ಧಕ್ಕೆ ಇಳಿದಿತ್ತು. ಆದರೆ ಅದೇ ಪ್ಲಾಸ್ಟಿಕ್ ಚೀಲ. ಹೊಸ ಸದಸ್ಯರು ಕಂಬಿಯ ಹತ್ತಿರ ನಿಂತು ಕೆಸರಿನ ಬಯಲನ್ನು ನೋಡಿ, “ಸ್ಪಷ್ಟವಾಗಿ ಕಾಣುತ್ತಿದೆಯಲ್ಲ, ದಾರಿ ಇಲ್ಲ” ಎಂದು ಪೆನ್ನು ತೆಗೆದರು. ಕಾಂತಪ್ಪಣ್ಣ ಹಿಂದಿನಿಂದ ಕೇಳಿದರು, ನೀರು ಮುಟ್ಟಿದವರು ಯಾರು? ಫಾರಮ್ಮಿನಲ್ಲಿ ಎರಡನೆಯ ಕಲಮು ಖಾಲಿ ಇತ್ತು. ಅದು ಖಾಲಿ ಇದ್ದರೆ ವರದಿ ಪೂರ್ತಿಯಾಗುವುದಿಲ್ಲ, ಮೇಲಿನವರು ಹಿಂದಕ್ಕೆ ಕಳಿಸುತ್ತಾರೆ. ಹೊಸ ಸದಸ್ಯರು ತಮ್ಮ ಬೂಟು ನೋಡಿಕೊಂಡರು.

ಯಮುನಾಬಾಯಿ ಆಗಲೇ ಏಣಿ ಆನಿಸಿ ಎರಡು ಹಲಗೆ ಇಳಿದಿದ್ದಳು. ಆದರೆ ದೂರು ಕೊಟ್ಟವಳ ಸಹಿ ಆ ಜಾಗದಲ್ಲಿ ನಡೆಯುವುದಿಲ್ಲ. ಕಾಂತಪ್ಪಣ್ಣ ಚಪ್ಪಲಿ ಕಳಚಿ, ಕೋಲು ಕಂಬಿಗೆ ಒರಗಿಸಿ, ಏಣಿಯ ತುದಿ ಹಿಡಿದು ಒಂದು ಕಾಲು ಇಳಿಬಿಟ್ಟರು. ಕಾಲು ಮೇಲಕ್ಕೆ ಎಳೆದುಕೊಂಡರು. ಇನ್ನೊಮ್ಮೆ ಇಳಿಬಿಟ್ಟರು. ಆಗಲಿಲ್ಲ. ಆ ಮುಖ ನನಗೆ ನೋಡಲಾಗಲಿಲ್ಲ.

“ಮೈಸೂರಮ್ಮ,” ಎಂದರು. “ನೀವು ಹೋಗ್ತೀರಾ?”

ನಾನು ಚಪ್ಪಲಿ ಬಿಟ್ಟೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಏಣಿ ಇಳಿದು ಮೊದಲ ಹೆಜ್ಜೆ ಇಟ್ಟಾಗ ಕೆಸರು ಮೊಣಕಾಲಿಗೆ ಬಂತು, ಜೀವ ಬಾಯಿಗೆ ಬಂತು. ಯಮುನಾಬಾಯಿ ಗಟ್ಟಿಯಾಗಿ ಕೈ ಹಿಡಿದಳು. “ಬೆರಳು ಅಗಲ ಮಾಡಿ ಇಡಿ, ಹೆಜ್ಜೆ ಎಣಿಸಿ” ಎಂದು ಮೇಲಿನಿಂದ ಕಾಂತಪ್ಪಣ್ಣ ಕೂಗುತ್ತಿದ್ದರು. ಕೆಸರಿನಲ್ಲಿ ಒಂದೊಂದು ಕಾಲು ಎತ್ತುವುದೂ ಬಾವಿಯಿಂದ ತುಂಬಿದ ಕೊಡ ಸೇದಿದಂತೆ. ಬಹಳ ಹೊತ್ತಿನ ಮೇಲೆ ಹಳೆಯ ಕಲ್ಲುಸಾಲು ಕಾಲಿಗೆ ಸಿಕ್ಕಿತು. ಅದರ ಮೇಲೆ ನಿಂತ ಕ್ಷಣ ನನಗೆ ಆ ಹೆಂಗಸರ ಹಿರಿಯರನ್ನೆಲ್ಲ ನೆನೆದು ಕಣ್ಣು ತುಂಬಿತು. ಅಲ್ಲಿಂದ ನೀರಿನವರೆಗೆ ಮಕ್ಕಳೂ ನಡೆದು ಹೋಗಬಹುದಿತ್ತು. ಬಗ್ಗಿ ಅಂಗೈ ಅದ್ದಿದೆ. ನೀರು ಬೆಚ್ಚಗಿತ್ತು.

ಮೇಲೆ ಬಂದು ಹೆಜ್ಜೆಗಳ ಲೆಕ್ಕ ಹೇಳಿದೆ, ಕೆಸರಿನಲ್ಲಿ ನೂರ ನಲವತ್ತು, ಕಲ್ಲಿನ ಮೇಲೆ ಮೂವತ್ತು. ಕಾಂತಪ್ಪಣ್ಣ ತಲೆಯಾಡಿಸಿದರು. ಹೊಸ ಸದಸ್ಯರು ಫಾರಮ್ಮನ್ನು ನನ್ನ ಕಡೆ ಚಾಚಿದರು. ನಾನು ಹಿಂದೆ ಸರಿದೆ. ಏಳು ವರ್ಷದಲ್ಲಿ ಯಾವ ಕಾಗದದಲ್ಲೂ ನನ್ನ ಹೆಸರು ಬರೆದವಳಲ್ಲ. ಮತ್ತೆ ಅಲ್ಲಿ ಹೆಸರಿನ ಮುಂದೆ ಹುದ್ದೆ ಬರೆಯಬೇಕು. “ನಾನು ಸದಸ್ಯೆ ಅಲ್ವಲ್ಲ, ಏನಂತ ಬರೀಲಿ?” ಎಂದೆ.

“ಸಾರ್ವಜನಿಕರು ಅಂತ ಬರೀರಿ,” ಎಂದರು ಕಾಂತಪ್ಪಣ್ಣ. “ಅವರಿಗೋಸ್ಕರವೇ ಅಲ್ವಾ ಇದೆಲ್ಲ ಮಾಡಿದ್ದು?”

ಒದ್ದೆ ಕೈಯಲ್ಲೇ ಬರೆದೆ. ಶಾಯಿ ಕಲೆಸಿಕೊಂಡಿತು. ಅವರು ಕತ್ತು ಚಾಚಿ ಓದಿದರು. “ವಿಮಲಾ ಅಂತಲಾ ನಿಮ್ಮ ಹೆಸರು! ಇಷ್ಟು ವರ್ಷ ಕೇಳಲೇ ಇಲ್ಲ ನೋಡಿ ನಾನು.” ಆಮೇಲೆ ಚೀಲದಿಂದ ಬೈರಾಸು ತೆಗೆದು ನನ್ನ ಕೈಗೆ ಕೊಟ್ಟರು. “ಕಾಲು ಒರೆಸಿಕೊಳ್ಳಿ ವಿಮಲಮ್ಮ. ಹಾಗೆಯೇ ಹೋದ್ರೆ ರೈಲಿನವರು ಬೈತಾರೆ.”

ಘಣಸೋಲಿ ಸ್ಟೇಷನ್ನಿನಿಂದ ಠಾಣೆಯವರೆಗೆ ಒಟ್ಟಿಗೇ ಬಂದೆವು. ಅವರು ಠಾಕುರ್ಲಿಯ ಲೋಕಲ್ ಹತ್ತಿ, ಕಿಟಕಿಯಿಂದ ಬಗ್ಗಿ, “ಬೈರಾಸು ಒಗೆದು ತನ್ನಿ ಆಯ್ತಾ, ಗಂಜಿ ಊಟ ಹಾಕ್ತೇನೆ, ಮೀನಿಲ್ಲದ್ದೇ” ಎಂದರು. ಅದೇ ಕೊನೆ. ಬೈರಾಸನ್ನು ಒಗೆದು, ಮಡಚಿ, ಬರುವ ಭಾನುವಾರ ಹೋಗೋಣ, ಅದರ ಮುಂದಿನ ಭಾನುವಾರ ಹೋಗೋಣ ಎಂದುಕೊಳ್ಳುತ್ತಲೇ ಮಳೆಗಾಲ ಬಂತು. ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಅವರ ಮಗ ಫೋನು ಮಾಡಿದ. ಇವತ್ತಿಗೂ ಆ ಎರಡು ಭಾನುವಾರಗಳಿಗೆ ನನ್ನನ್ನು ನಾನು ಕ್ಷಮಿಸಿಲ್ಲ.

ಘಣಸೋಲಿಯ ಗೋಡೆಯಲ್ಲಿ ಬಾಗಿಲಗಲ ಒಡೆದು, ಹಳೆಯ ಕಲ್ಲುಸಾಲಿಗೆ ದಾರಿ ಕೂಡಿಸಿದ್ದು ಅದಾಗಿ ಎರಡು ಮಳೆಗಾಲ ಕಳೆದ ಮೇಲೆ. ಯಮುನಾಬಾಯಿ ಈಗ ಏಣಿ ಹೊರುವುದಿಲ್ಲ. ನಾನು ಈಗಲೂ ನಡವಳಿ ಬರೆಯುತ್ತೇನೆ. ಪರಿಶೀಲನೆಗೆ ಹೋಗುವಾಗ ಕೆಂಪು ಚೌಕಳಿಯ ಬೈರಾಸು ನನ್ನ ಚೀಲದಲ್ಲಿರುತ್ತದೆ. ಸದಸ್ಯರು ಗೇಟಿನ ಹತ್ತಿರ ನಿಂತು ಚಹಾ ಕುಡಿಯುತ್ತಾರೆ. ನಾನು ಚಪ್ಪಲಿ ಬಿಡುತ್ತೇನೆ.